ಕುಂಬಳೆಯ ಸಾವು, ಮಂಗಳೂರಿನ ಲೆಕ್ಕ

ಪ್ರಶ್ನೆ: ಕೇರಳದ ಜಿಲ್ಲಾವಾರು ಸಾವಿನ ಪ್ರಮಾಣದ ಪಟ್ಟಿಯಲ್ಲಿ ನಮ್ಮ ಕಾಸರಗೋಡು ಪತ್ತನಂತಿಟ್ಟಕ್ಕಿಂತ ಕೆಳಗಿದೆ. ಹಾಗಾದರೆ ನಮ್ಮ ಆರೋಗ್ಯ ಅಲ್ಲಿಯವರಿಗಿಂತ ಚೆನ್ನಾಗಿದೆ ಎಂದು ಅರ್ಥವೇ?
— ಓದುಗರು, ಬದಿಯಡ್ಕ

ಉತ್ತರ: ಆ ಪಟ್ಟಿಯೊಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಮೊದಲು ವಯಸ್ಸು. ಪತ್ತನಂತಿಟ್ಟದ ಎಷ್ಟೋ ಮನೆಗಳಲ್ಲಿ ಈಗ ಅಜ್ಜ ಅಜ್ಜಿ ಮಾತ್ರ ಇದ್ದಾರೆ, ಮಕ್ಕಳೆಲ್ಲ ಹೊರದೇಶದಲ್ಲಿ. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ಶೇಕಡಾ 3 ಇಳಿದಿತ್ತು. ವಯಸ್ಸಾದವರು ಜಾಸ್ತಿ ಇರುವ ಕಡೆ ಸಾವೂ ಜಾಸ್ತಿ ಅಲ್ವಾ? 2020ರಲ್ಲಿ ಸಾವಿರ ಜನರಿಗೆ ಕೇರಳದಲ್ಲಿ 7 ಸಾವು, ಬಿಹಾರದಲ್ಲಿ 5.4. ಆದರೆ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಕೇರಳದಲ್ಲಿ 6, ಬಿಹಾರದಲ್ಲಿ 27.

ಎರಡನೆಯದು ನನ್ನ ಮನೆಯಲ್ಲೇ ಆದದ್ದು. ಅಪ್ಪ ಬದುಕಿದ್ದು ಕುಂಬಳೆಯಲ್ಲಿ. ಒಂದು ರಾತ್ರಿ ಎದೆನೋವು ಬಂತು. ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಮೂರನೇ ದಿನ ಅಲ್ಲೇ ತೀರಿಕೊಂಡರು. ಮರಣಪತ್ರಕ್ಕೆ ನಮ್ಮ ಪಂಚಾಯತಿಗೆ ಹೋದರೆ, ಮಂಗಳೂರಿನಲ್ಲೇ ತೆಗೆದುಕೊಳ್ಳಬೇಕು ಎಂದರು. 1969ರ ಕಾನೂನು ಹಾಗೇ ಇದೆ: ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ. ಜನಗಣತಿಯಲ್ಲಿ ಅಪ್ಪನನ್ನು ಎಣಿಸಿದ್ದು ಕಾಸರಗೋಡಿನಲ್ಲಿ, ಸಾವನ್ನು ಎಣಿಸಿದ್ದು ದಕ್ಷಿಣ ಕನ್ನಡದಲ್ಲಿ. ನಿಮ್ಮ ನೆರೆಕರೆಯಲ್ಲಿ ಹೀಗೆ ಹೋದವರು ಎಷ್ಟು ಮಂದಿ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಅಷ್ಟೂ ಸಾವು ನಮ್ಮ ಜಿಲ್ಲೆಯ ಲೆಕ್ಕದಿಂದ ಬಿಟ್ಟುಹೋಗುತ್ತದೆ.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸ್ ಬಂದವು. ಚಿಕಿತ್ಸೆ ಸಿಗದೆ ಕೆಲವರು ಈಚೆಯೇ ಪ್ರಾಣ ಬಿಟ್ಟರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮಂಗಳೂರಿನ ಆಸ್ಪತ್ರೆ ನಂಬಿಯೇ ನಾವು ಬದುಕುತ್ತಿದ್ದೇವೆ ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಅಮೆರಿಕದಲ್ಲಿ ಒಂದು ರಾಜ್ಯದ ಕೌಂಟಿಗಳನ್ನು, ಅಂದರೆ ನಮ್ಮ ಜಿಲ್ಲೆಗಳಂಥವನ್ನು, ಹೋಲಿಸುವಾಗ ಸತ್ತವರು ವಾಸವಿದ್ದ ಕೌಂಟಿಗೇ ಆ ಸಾವನ್ನು ಸೇರಿಸುತ್ತಾರೆ. ಆಮೇಲೆ ಎಲ್ಲ ಕೌಂಟಿಗಳಲ್ಲೂ ವಯಸ್ಸಿನ ಹಂಚಿಕೆ ಒಂದೇ ರೀತಿ ಇದ್ದಿದ್ದರೆ ಪ್ರಮಾಣ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೆ 2000ನೇ ಇಸವಿಯ ಅಮೆರಿಕದ ಜನಸಂಖ್ಯೆಯೇ ಅಳತೆಗೋಲು.

ನಮ್ಮ ನೋಂದಣಿ ಫಾರಂನಲ್ಲೂ ಸತ್ತವರ ಮನೆ ವಿಳಾಸಕ್ಕೆ ಜಾಗ ಇದೆ. ಅದನ್ನು ಸರಿಯಾಗಿ ಬರೆಯಿರಿ. ಅವತ್ತು ಅಣ್ಣ ಗಡಿಬಿಡಿಯಲ್ಲಿ ಮಂಗಳೂರಿನ ತನ್ನ ಬಾಡಿಗೆ ಮನೆಯ ವಿಳಾಸ ಬರೆದಿದ್ದ. ನಾನು ಅದನ್ನು ಹೊಡೆದುಹಾಕಿ ಕುಂಬಳೆ ಎಂದು ಬರೆದೆ.