ಮೂರನೇ ತಂತಿ ಯಾಕೆ ಪದೇಪದೇ ಕಟ್ಟಾಗುತ್ತೆ? ಪೆಡಲ್ ಸ್ಟೀಲ್ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಒಂದೇ ವಾದ್ಯದ್ದು. ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ: ಪೆಡಲ್ ಸ್ಟೀಲ್ ಅಂದ್ರೆ ಮೇಜಿನ ಥರ ನಾಲ್ಕು ಕಾಲ ಮೇಲೆ ನಿಂತಿರೋ ಗಿಟಾರ್, ಸಾಮಾನ್ಯವಾಗಿ ಹತ್ತು ತಂತಿ, ಎಡಗೈಲಿ ಉಕ್ಕಿನ ಬಾರ್ ಜಾರಿಸ್ತಾ ಬಲಗೈಲಿ ಮೀಟೋದು, ಪಾದದಲ್ಲಿ ಪೆಡಲ್ ಒತ್ತಿದ್ರೆ ಅಥವಾ ಮಂಡೀಲಿ ಲಿವರ್ ತಳ್ಳಿದ್ರೆ ತಂತಿ ನುಡೀತಾ ಇರೋವಾಗ್ಲೇ ಅದರ ಸ್ವರ ಏರುತ್ತೆ, ಇಳಿಯುತ್ತೆ. 1954ರಲ್ಲಿ ಅಮೆರಿಕಾದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಹಾಡೊಂದಕ್ಕೆ ಬಡ್ ಐಸಾಕ್ಸ್ ಹೀಗೆ ನುಡಿಸಿದ್ದು ಹಿಟ್ ಆಯ್ತು ನೋಡಿ, ಆಮೇಲೆ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ಪೆಡಲ್ ಹಿಂದೆ ಬಿದ್ರು.

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಹತ್ತು ತಂತಿ ಇ9 (ಪೆಡಲ್ ಸ್ಟೀಲ್‌ನ ಒಂದು ಶ್ರುತಿ ಜೋಡಣೆ) ತಗೊಂಡಿದೀನಿ. ಮೂರನೇ ತಂತಿ ವಾರಕ್ಕೊಂದು ಕಟ್ಟಾಗ್ತಿದೆ. ಅಂಗಡಿಯವರು 0.011 (ಇಂಚು ದಪ್ಪ) ತೆಗೆದು 0.012 ಹಾಕಿ, ದಪ್ಪ ಇದ್ರೆ ತಾಳುತ್ತೆ ಅಂದ್ರು. ಹಾಕ್ಲಾ? (ಆಸ್ಟಿನ್, ಟೆಕ್ಸಸ್)

ಉತ್ತರ: ಬೇಡ. ಈ ಮಾತು ನಾನೂ ಕೇಳಿ ನಂಬಿದ್ದೆ, ದುಡ್ಡು ಹೋಯ್ತು ಅಷ್ಟೇ. ತಂತಿ ದಪ್ಪ ಆದ್ರೆ ಶಕ್ತಿ ಜಾಸ್ತಿ ಆಗೋದು ನಿಜ, ಆದ್ರೆ ಅದೇ ಸ್ವರಕ್ಕೆ ಬರೋಕೆ ಅಷ್ಟೇ ಪಾಲು ಜಾಸ್ತಿ ಬಿಗೀಬೇಕು, ಹಾಗಾಗಿ ಲೆಕ್ಕ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೆ. 24 ಇಂಚು ಸ್ಕೇಲ್‌ನಲ್ಲಿ, ಅಂದ್ರೆ ನುಡಿಯೋ ತಂತಿಯ ಉದ್ದ ಅಷ್ಟಿದ್ರೆ, 0.011 ತಂತೀನ ಜಿ ಶಾರ್ಪ್‌ಗೆ ತಂದ್ರೆ ಸುಮಾರು 12.5 ಕಿಲೋ ಎಳೆತ, ಬಿ ಪೆಡಲ್ (ಎ, ಬಿ ಅನ್ನೋದು ಇಲ್ಲಿ ಪೆಡಲ್‌ಗಳ ಹೆಸರು, ಸ್ವರ ಅಲ್ಲ) ಒತ್ತಿ ಎ ಸ್ವರಕ್ಕೆ ಏರಿಸಿದ್ರೆ 14 ಕಿಲೋ. 0.012 ಹಾಕಿದ್ರೆ ಇವೇ ಸುಮಾರು 15, 16.7 ಆಗುತ್ತೆ. ಪ್ಲೇನ್ (ಮೇಲೆ ಬೇರೆ ತಂತಿ ಸುತ್ತಿರದ) ಉಕ್ಕಿನ ತಂತಿ ಯಾವ ಸ್ವರದ ಹತ್ರ ಹರಿಯುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಸ್ಕೇಲ್ ಉದ್ದ, ದಪ್ಪ ಅಲ್ಲ. ಈ ಮೂರನೇ ತಂತಿ ಯಾವಾಗ್ಲೂ ಅದರ ಹೊಸ್ತಿಲಲ್ಲೇ ಕೂತಿರುತ್ತೆ. ನಿಮ್ಮ ವಾದ್ಯದ ಸ್ಕೇಲ್ 25 ಇಂಚು ಇದ್ರಂತೂ ಒತ್ತಡ ಇನ್ನೂ ನೂರಕ್ಕೆ ಎಂಟು ಜಾಸ್ತಿ.

ಎಲ್ಲಿ ಕಟ್ಟಾಗ್ತಿದೆ ನೋಡಿ ಮೊದ್ಲು. ಬಲಗಡೆ ಚೇಂಜರ್‌ನ (ತಂತಿ ಎಳೆದು ಸ್ವರ ಬದಲಾಯಿಸೋ ಭಾಗದ) ಫಿಂಗರ್ ಮೇಲೆ ತಂತಿ ಬಾಗಿ ಕೆಳಗಿಳಿಯುತ್ತಲ್ಲ, ನೂರಕ್ಕೆ ತೊಂಬತ್ತು ಸಲ ಅಲ್ಲೇ, ಯಾಕಂದ್ರೆ ಪೆಡಲ್ ಒತ್ತಿದಾಗೆಲ್ಲ ಅದೇ ಜಾಗ ಬಾಗಿ ಬಾಗಿ ದಣಿದಿರುತ್ತೆ, ಹಳೇ ವಾದ್ಯ ಆದ್ರೆ ಆ ಅಲ್ಯೂಮಿನಿಯಂ ಮೇಲೆ ತಂತಿ ಗೀರು ಬೇರೆ ಕೊರೆದಿರುತ್ತೆ. ಉಗುರು ಆಡಿಸಿ ನೋಡಿ, ತಡೆದ್ರೆ ಗೀರಿದೆ ಅಂತ ಅರ್ಥ. ತುಂಬಾ ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಮೆಟಲ್ ಪಾಲಿಶ್ ಹಾಕಿ ಒರೆಸಿ. ಜೊತೆಗೆ 0.011 ಬಿಡಿ ತಂತಿ ಒಂದು ಡಜನ್ ತಂದಿಟ್ಕೊಳ್ಳಿ, ಕಟ್ಟಾಗೋ ತನಕ ಕಾಯದೆ ಅದೊಂದನ್ನ ಮಾತ್ರ ಆಗಾಗ ಬದಲಾಯಿಸ್ತಾ ಇರಿ. 0.0115 ಹಾಕೋರೂ ಇದಾರೆ, ನಾದ ಸ್ವಲ್ಪ ತುಂಬಿ ಬರುತ್ತೆ ಅಂತ, ಬಾಳಿಕೆಗೆ ಅಲ್ಲ.

ಇನ್ನೊಂದು, ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, ತಂತಿ ಸರಿಯಾದ ಜಾಗದಲ್ಲೇ ಹಾಕಿದೀರಾ? ಇ9ನಲ್ಲಿ ಒಂದನೇ ತಂತಿ ಎಲ್ಲಕ್ಕಿಂತ ತೆಳ್ಳಗಿರಲ್ಲ. ಒಂದು 0.013, ಎರಡು 0.015, ಮೂರು 0.011, ನಾಲ್ಕು 0.014, ಹೀಗೆ ಕಾಲು ತಪ್ಪಿದ ಮೆಟ್ಟಿಲಿನ ಥರ. ಮೇಲಿನ ಆ ಎರಡು ತಂತಿ 1960ರ ದಶಕದ ಶುರುವಲ್ಲಿ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಸೇರಿಸಿದ್ದು, ಸ್ವರ ಲೆಕ್ಕದಲ್ಲಿ ಅವು ಮೂರನೇದಕ್ಕಿಂತ ಕೆಳಗೆ. ಗಿಟಾರಿಂದ ಬಂದೋರು 0.013ನ ತಗೊಂಡು ಮೂರನೇ ಜಾಗಕ್ಕೆ ಹಾಕಿ ಒದ್ದಾಡೋದು ನಾನೇ ನೋಡಿದೀನಿ.

ಪ್ರಶ್ನೆ: ಆರನೇ ತಂತಿ ಪ್ಲೇನ್ 0.020 ಒಳ್ಳೇದಾ, ಸುತ್ತಿದ 0.022 ಒಳ್ಳೇದಾ? (ಫ್ರೀಮಾಂಟ್)

ಉತ್ತರ: ಲಿವರ್‌ನಲ್ಲಿ ಆರನೇದನ್ನ ಜಿ ಶಾರ್ಪಿಂದ ಎಫ್ ಶಾರ್ಪ್‌ಗೆ ಇಳಿಸ್ತೀರಾ? ಹಾಗಾದ್ರೆ ಪ್ಲೇನ್. ಸುತ್ತಿದ ತಂತೀಲಿ ಎಳೆತ ಹೊರೋದು ಒಳಗಿನ ಸಣ್ಣ ಎಳೆ ಮಾತ್ರ, ಅದಕ್ಕೇ ಅಷ್ಟೇ ಸ್ವರ ಬದಲಾಗೋಕೆ ಜಾಸ್ತಿ ದೂರ ಎಳೀಬೇಕು, ಮಂಡಿ ಎಲ್ಲೋ ಹೋಗ್ಬಿಡುತ್ತೆ. ಇಳಿಸಲ್ಲ ಅಂದ್ರೆ ಸುತ್ತಿದ್ದು ಹಾಕಿ, ಪೆಡಲ್ ಒತ್ತಿದಾಗ ಪೆಟ್ಟಿಗೆ ಒಂಚೂರು ಬಗ್ಗಿದ್ರೂ ಶ್ರುತಿ ಅಷ್ಟು ಬೇಗ ಜಾರಲ್ಲ. ಬದಲಾಯಿಸಿದ್ರೆ ಚೇಂಜರ್ ತುದೀಲಿರೋ ನೈಲಾನ್ ಟ್ಯೂನರ್‌ನೂ ಮತ್ತೆ ಹೊಂದಿಸ್ಬೇಕು, ಕೆಲವೊಮ್ಮೆ ಚೇಂಜರನ್ನ ಎಳೆಯೋ ರಾಡನ್ನೇ ಬೇರೆ ತೂತಿಗೆ ಹಾಕ್ಬೇಕಾಗುತ್ತೆ.

ಪ್ರಶ್ನೆ: ನಾನು ಗೋಟುವಾದ್ಯ (ಮೆಟ್ಟಿಲಿಲ್ಲದೆ, ತಂತಿ ಮೇಲೆ ಗೋಟು ಜಾರಿಸಿ ನುಡಿಸೋ ವೀಣೆ) ಕಲಿತೋಳು. ಈಗ ಅಣ್ಣ ಅಮೆರಿಕಾದಿಂದ ಪೆಡಲ್ ಸ್ಟೀಲ್ ತಂದ್ಕೊಟ್ಟಿದಾನೆ. ರಾಗ ನುಡಿಸೋಕೆ ತಂತಿ ಎಲ್ಲಾ ಸ-ಪ-ಸಗೆ ಇಳಿಸಿ ಕೂರಿಸ್ಲಾ? (ಮಲ್ಲೇಶ್ವರಂ, ಬೆಂಗಳೂರು)

ಉತ್ತರ: ಇಳಿಸ್ಬೇಡಿಮ್ಮ, ಒಂದು ತಿಂಗಳಾದ್ರೂ ಇರೋ ಹಾಗೇ ಬಿಟ್ಟು ನೋಡಿ. ಇ9 ಅನ್ನೋ ಹೆಸರು ನೋಡಿ ಗಾಬರಿ ಆಗ್ಬೇಡಿ, ಇ ಸ್ವರಾನ ಷಡ್ಜ ಅಂದ್ಕೊಳ್ಳಿ, ಎಲ್ಲಾ ನಿಮ್ಮ ಭಾಷೆಗೇ ಬರುತ್ತೆ. ಎಂಟು ಮತ್ತೆ ನಾಲ್ಕನೇ ತಂತಿ ಸ, ಆರು ಮತ್ತೆ ಮೂರು ಅಂತರ ಗಾಂಧಾರ, ಐದು ಮತ್ತೆ ಹತ್ತು ಪಂಚಮ, ಏಳು ಮತ್ತೆ ಒಂದು ಚತುಶ್ರುತಿ ರಿಷಭ, ಒಂಬತ್ತು ಕೈಶಿಕಿ ನಿಷಾದ, ಎರಡು ಕಾಕಲಿ. ಎ ಪೆಡಲ್ ಒತ್ತಿದ್ರೆ ಪಂಚಮ ಚತುಶ್ರುತಿ ಧೈವತಕ್ಕೆ ಏರುತ್ತೆ, ಬಿ ಪೆಡಲ್ ಒತ್ತಿದ್ರೆ ಗಾಂಧಾರ ಶುದ್ಧ ಮಧ್ಯಮಕ್ಕೆ. ಒಂದು ಮಂಡಿ ಲಿವರ್ ಷಡ್ಜಾನ ಶುದ್ಧ ರಿಷಭಕ್ಕೆ ಏರಿಸುತ್ತೆ, ಇನ್ನೊಂದು ಕಾಕಲಿ ನಿಷಾದಕ್ಕೆ ಇಳಿಸುತ್ತೆ.

ಈಗ ಮಾಯಾಮಾಳವಗೌಳ ಹತ್ತಿ ನೋಡಿ: ಎಂಟನೇ ತಂತಿ ಸ, ಅದಕ್ಕೇ ಲಿವರ್ ತಳ್ಳಿದ್ರೆ ರಿ, ಆರನೇದು ಗ, ಬಿ ಪೆಡಲ್‌ಗೆ ಮ, ಐದನೇದು ಪ, ಎ ಪೆಡಲ್ ಅರ್ಧಕ್ಕೆ ನಿಲ್ಲಿಸಿದ್ರೆ ಶುದ್ಧ ಧ, ಎರಡನೇ ತಂತಿ ನಿ, ನಾಲ್ಕನೇದು ಮೇಲಿನ ಸ. ಸರಳೆ ವರಸೆ ಪೂರ್ತಿ, ಬಾರ್ ಒಂದಿಂಚು ಅಲ್ಲಾಡಿಸದೆ! ನಿಮ್ಮ ಶ್ರುತಿ ಡಿ ಆದ್ರೆ ಬಾರ್ ಹತ್ತನೇ ಫ್ರೆಟ್ ಗೆರೆ ಮೇಲಿಟ್ಟು ಇದನ್ನೇ ಮಾಡಿ. ಆದ್ರೆ ಹೀಗೆ ನುಡಿಸಿದ್ದು ಹಾರ್ಮೋನಿಯಂ ಥರ ಕೇಳುತ್ತೆ, ಗಮಕ ಬೇಕಂದ್ರೆ ನಿಮ್ಮ ಎಡಗೈ ಕಲಿತಿರೋದೇ ಬೇಕು, ಆ ವಿಷಯದಲ್ಲಿ ನೀವು ಇಲ್ಲಿನ ಮುಕ್ಕಾಲು ಜನರಿಗಿಂತ ಮುಂದಿದೀರಿ.

ಸ-ಪ-ಸ ಯಾಕೆ ಬೇಡ ಅಂದ್ರೆ, ಪ್ರತಿ ರಾಡ್‌ನ ಎಳೆತ ಆಯಾ ತಂತಿಯ ಸ್ವರಕ್ಕೆ ಅಂತಲೇ ಹೊಂದಿಸಿರೋದು. ಉದಾಹರಣೆಗೆ ಬಿ ಪೆಡಲ್ ಮೂರನೇದನ್ನೂ ಆರನೇದನ್ನೂ ಅರ್ಧ ಸ್ವರ ಏರಿಸುತ್ತೆ, ಎರಡೂ ಪ್ಲೇನ್ ಆದ್ರೆ ಮೂರನೇದನ್ನ ಹೆಚ್ಚುಕಮ್ಮಿ ನಾಲ್ಕರಷ್ಟು ದೂರ ಎಳೀಬೇಕು. ಗಾಂಧಾರದ ತಂತೀನ ಷಡ್ಜಕ್ಕೆ ಇಳಿಸಿದ್ರೆ ಪೆಡಲ್ ಎಲ್ಲಿಗೋ ಕರ್ಕೊಂಡು ಹೋಗುತ್ತೆ, ತಂತೀನೂ ಸಡಿಲ ಆಗಿ ಬಾರ್ ಕೆಳಗೆ ಗರ್ ಅನ್ನುತ್ತೆ. ಬೇಕೇ ಬೇಕು ಅಂದ್ರೆ ಒಂಬತ್ತನೇದೊಂದನ್ನ ಮುಟ್ಟಿ, 0.034ರ ಆ ಕೈಶಿಕಿ ತಂತೀನ ಒಂದು ಸ್ವರ ಏರಿಸಿದ್ರೆ ಇನ್ನೊಂದು ಷಡ್ಜ ಸಿಗುತ್ತೆ, ಗೇಜ್ (ದಪ್ಪ) ಮಾತ್ರ ಎಂಟನೇದರದ್ದೇ, 0.030, ಹಾಕ್ಕೊಳ್ಳಿ, ಆಗ ಎಳೆತ ಪಕ್ಕದ ತಂತಿ ಜೊತೆ ಸಮ ಇರುತ್ತೆ. ಅದಕ್ಕಿರೋ ಲಿವರ್ ರಾಡ್ ಬಿಚ್ಚಿಡಿ.

ಗಾಂಧಾರ ಶ್ರುತಿ ಮಾಡೋವಾಗ ಎಲೆಕ್ಟ್ರಾನಿಕ್ ಟ್ಯೂನರ್ ಮಾತು ಪೂರ್ತಿ ಕೇಳ್ಬೇಡಿ. ನ್ಯಾಶ್‌ವಿಲ್‌ನಲ್ಲೂ ತುಂಬಾ ಜನ ಜಿ ಶಾರ್ಪ್ ತಂತೀನ ಮುಳ್ಳಿನ ನಡುವಿಗಿಂತ ಹತ್ತು ಹದಿನಾಲ್ಕು ಸೆಂಟ್ (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಕೆಳಗೇ ಇಡ್ತಾರೆ, ತಂಬೂರಿಯಲ್ಲಿ ತಾನಾಗೇ ಕೇಳಿಬರೋ ಗಾಂಧಾರ ಇರುತ್ತಲ್ಲ, ಅದೇ ಜಾಗ.

ಪ್ರಶ್ನೆ: ಇದೇ ಇ9 ತಂತಿಗಳನ್ನ ಸಡಿಲಿಸಿ ಸಿ6 (ಇನ್ನೊಂದು ಶ್ರುತಿ ಜೋಡಣೆ) ಮಾಡ್ಕೋಬಹುದಾ? ಜಾಝ್ ನುಡಿಸ್ಬೇಕು. (ಮೈಸೂರು)

ಉತ್ತರ: ಆಗಲ್ಲ. ಇ9ನ ಹತ್ತನೇದು ಸುಮಾರು 0.036, ಸಿ6ನ ಹತ್ತನೇದು 0.070ರ ಹತ್ತಿರ. ಆ 0.036ನ ಸಿ6ನ ತಳದ ಸಿವರೆಗೆ ಇಳಿಸಿದ್ರೆ ಎಳೆತ ಕಾಲು ಭಾಗಕ್ಕೆ ಬಂದು ಬಟ್ಟೆ ಒಣಗಿಸೋ ಹಗ್ಗ ಆಗುತ್ತೆ. ಪೂರ್ತಿ ಸೆಟ್ ಬದಲಾಯಿಸ್ಬೇಕು, ಪೆಡಲ್ ರಾಡ್‌ಗಳನ್ನೂ, ನಟ್‌ನಲ್ಲಿ (ಎಡತುದೀಲಿ ತಂತಿ ಕೂರೋ ಜಾಗದಲ್ಲಿ) ಗೇಜಿಗೆ ತಕ್ಕ ರೋಲರ್ ಇದ್ರೆ ಅವನ್ನೂ, ಇಲ್ಲಾಂದ್ರೆ ದಪ್ಪ ತಂತಿಗಳು ಮೇಲೆದ್ದು ಬಾರ್ ಸಮ ಕೂರಲ್ಲ. ಎರಡೂ ಬೇಕು ಅನ್ನೋರು ಎರಡು ನೆಕ್ (ತಂತಿಗಳ ಸಾಲು) ಇರೋದು ತಗೋತಾರೆ, ಇಲ್ಲ ಹನ್ನೆರಡು ತಂತಿಯ ಯೂನಿವರ್ಸಲ್ ತಗೋತಾರೆ, ಅದರಲ್ಲಿ ಇ ತಂತಿಗಳನ್ನ ಲಿವರ್‌ನಲ್ಲಿ ಅರ್ಧ ಸ್ವರ ಇಳಿಸಿ ಹಿಡಿದ್ರೆ ಅದೇ ಬಿ6, ಅಂದ್ರೆ ಸಿ6 ಜೋಡಣೆಯೇ ಅರ್ಧ ಸ್ವರ ಕೆಳಗೆ, ಆಗ್ಬಿಡುತ್ತೆ. ನನ್ನ ಹತ್ರ ಎರಡು ನೆಕ್‌ನದ್ದಿತ್ತು, ಮಹಡಿ ಮೆಟ್ಟಿಲು ಹತ್ತಿಸಿ ಹತ್ತಿಸಿ ಸಾಕಾಗಿ ಮಾರ್ಬಿಟ್ಟೆ.