ಅಂಕೋಲೆಯ ಮನೆಗೆ ವಿಜಯಪುರದ ಮಾಳಿಗೆ ಒಗ್ಗೀತೆ?

ಪ್ರಶ್ನೆ: ನಿವೃತ್ತಿಯ ನಂತರ ಮಗನೊಂದಿಗೆ ಇರಲೆಂದು ಅಂಕೋಲಾ ಪಟ್ಟಣದಲ್ಲಿ, ಸಮುದ್ರದಿಂದ ಸುಮಾರು 400 ಮೀಟರ್ ದೂರದಲ್ಲಿ, ಎಂಟು ಗುಂಟೆ ಜಾಗ ನೋಡಿದ್ದೇವೆ. ಬೇಸಿಗೆ ರಜೆಗೆ ಬೀಗರು, ಅಳಿಯಂದಿರು, ಮೊಮ್ಮಕ್ಕಳು ಕೂಡಿಯೇ ಬರುವುದರಿಂದ ಮನೆಗೆ ಹೊಂದಿಕೊಂಡು ಮೂರು ಕೋಣೆಗಳ ಅತಿಥಿ ಭಾಗವೂ ಬೇಕು. ನಮ್ಮ ಗೌಂಡಿಯವರನ್ನೇ ಕರೆದೊಯ್ದು ಇಲ್ಲಿಯಂತೆ ಸಪಾಟಾದ ಮಾಳಿಗೆಯ ಮನೆ ಕಟ್ಟಿಸಬಹುದೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಗೌಂಡಿಯವರನ್ನು ಕರೆದೊಯ್ಯಿರಿ, ಮಾಳಿಗೆಯನ್ನು ಮಾತ್ರ ಇಲ್ಲಿಯೇ ಬಿಡಿ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಅಂಕೋಲೆಯಲ್ಲಿ ಅದು 3,000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ಇಳಿಜಾರಿನ ಹಂಚಿನ ಮಾಡು, ಗೋಡೆಯಿಂದ ಮೂರಡಿಯಾದರೂ ಹೊರಚಾಚಿದ ಸೂರು, ಗೋಡೆಗೆ ಅಲ್ಲಿಯೇ ಸಿಗುವ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಇವು ಸಾಕು.

ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆಯಾದದ್ದು ಅತಿಥಿ ಭಾಗದ ಬಗ್ಗೆ. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿದ ಕೋಣೆ ನಮ್ಮ ಬಯಲುಸೀಮೆಯಲ್ಲಿ ಧೂಳು ಹಿಡಿದೀತು, ಅಷ್ಟೇ; ಕರಾವಳಿಯಲ್ಲಾದರೆ ಹಾಸಿಗೆಗೆ ಬೂಷ್ಟು ಬಂದು, ಕೀಲು ಚಿಲಕಗಳು ತುಕ್ಕು ಹಿಡಿದು, ಬಾಗಿಲು ಉಬ್ಬಿ ಮುಚ್ಚದಂತಾಗುತ್ತದೆ. ಮೂರು ಕೋಣೆಗಳ ಬದಲು ಎರಡೇ ಕಟ್ಟಿಸಿ, ಅವುಗಳಲ್ಲಿ ಒಂದನ್ನು ಮಗನ ಓದಿಗೋ ಕೆಲಸಕ್ಕೋ ದಿನವೂ ಬಳಸಿರಿ. ಮೂರನೆಯದರ ಜಾಗದಲ್ಲಿ ಎರಡು ಕಡೆಯಿಂದ ಗಾಳಿಯಾಡುವ ಅಗಲವಾದ ಪಡಸಾಲೆ ಇರಲಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗಿ ಬೆಳೆದ ನಮ್ಮ ಮಂದಿ ಜಮಖಾನೆ ಹಾಸಿಕೊಂಡು ಅಲ್ಲಿಯೇ ಮಲಗುತ್ತಾರೆ, ಕೋಣೆ ಕೊಟ್ಟರೂ ಹೊರಗೇ ಬರುತ್ತಾರೆ! ಅತಿಥಿ ಭಾಗದ ಮಾಡನ್ನು ಮನೆಯ ಮಾಡಿಗೆ ಕೂಡಿಸಬಾರದು, ಏಕೆಂದರೆ ಎರಡು ಇಳಿಜಾರು ಕೂಡುವ ಸಂದಿಯಲ್ಲಿ ಎಲೆ ತುಂಬಿ ನೀರು ಒಳಗಿಳಿಯುತ್ತದೆ. ನಡುವೆ ಆರೇಳು ಅಡಿ ಬಿಟ್ಟು, ತಗ್ಗಾದ ಪ್ರತ್ಯೇಕ ಮಾಡಿನ ಓಣಿಯಿಂದ ಎರಡನ್ನೂ ಜೋಡಿಸಿರಿ.

ಕಾಂಕ್ರೀಟಿನ ವಿಷಯದಲ್ಲಿ ನಿಮ್ಮ ಗೌಂಡಿಯವರಿಗೆ ಒಂದು ರೂಢಿಯನ್ನು ಬಿಡಿಸಬೇಕಾಗುತ್ತದೆ. ಒಣ ಹವೆಯ ಊರಿನಲ್ಲಿ ಸಳಿಯ (ಒಳಗಿನ ಕಬ್ಬಿಣದ ಸರಳಿನ) ಮೇಲೆ 20 ಮಿ.ಮೀ. ಕಾಂಕ್ರೀಟು ಮುಚ್ಚಿದರೆ ನಡೆಯುತ್ತದೆ; ಕರಾವಳಿಯ ಹವೆಗೆ ಮೈಯೊಡ್ಡುವ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕವಾದ ಐ.ಎಸ್. 456 ಸಂಹಿತೆಯು ಸಳಿಯ ಮೇಲೆ 45 ಮಿ.ಮೀ. ಹೊದಿಕೆಯನ್ನೂ ಎಂ30 ಎಂಬ ಗಟ್ಟಿತನದ ದರ್ಜೆಯನ್ನೂ ಹೇಳುತ್ತದೆ. ಉಪ್ಪು ಒಳಹೊಕ್ಕರೆ ಸಳಿ ತುಕ್ಕಾಗಿ ಹಿಗ್ಗಿ ಕಾಂಕ್ರೀಟನ್ನೇ ಒಡೆಯುತ್ತದೆ. ಕಲಸುವ ನೀರನ್ನೂ ಪರೀಕ್ಷೆ ಮಾಡಿಸಿರಿ, ಸಮುದ್ರದ ಸಮೀಪದ ಬಾವಿಗಳಲ್ಲಿ ಉಪ್ಪಿನಂಶವಿರಬಹುದು.

ಇಷ್ಟೆಲ್ಲಕ್ಕಿಂತ ಮೊದಲು, ಮುಂಗಡ ಕೊಡುವುದಕ್ಕೂ ಮುನ್ನ, ಕರಾವಳಿ ವಲಯ ನಕ್ಷೆಯಲ್ಲಿ ಆ ಸರ್ವೇ ನಂಬರು ಎಲ್ಲಿ ಬರುತ್ತದೆಂದು ನೋಡಿಸಿರಿ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅನ್ವಯಿಸುವುದರಿಂದ ನಿಮ್ಮ ಜಾಗ ಅದರೊಳಗೇ ಇದೆ. ಪಟ್ಟಣದ ಮಿತಿಯಲ್ಲಿ ಈಗಾಗಲೇ ಕಟ್ಟಡಗಳು ತುಂಬಿದ ಭಾಗವಾದರೆ, ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳಮಗ್ಗುಲಿಗೆ, ಎಂದರೆ ಸಮುದ್ರಕ್ಕೆ ಬೆನ್ನಾದ ಕಡೆಗೆ ಮಾತ್ರ ಹೊಸ ಮನೆಗೆ ಅವಕಾಶವಿದೆ.

ವಿಜಯಪುರದಿಂದ ಅಂಕೋಲೆಯವರೆಗೆ ರಾಷ್ಟ್ರೀಯ ಹೆದ್ದಾರಿ 52 ಒಂದೇ ಹೋಗುತ್ತದೆ. ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ, ಆ ಎಂಟು ಗುಂಟೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಿಬಂದ ಮೇಲೆ ಪಾಯದ ಎತ್ತರವನ್ನು ಗೊತ್ತುಮಾಡಿರಿ.