ನನ್ನ ಆಧಾರ್, ಯಾರದೋ ಸಿಮ್

ಪ್ರಶ್ನೆ: ಮಂಗಳೂರಿನಲ್ಲಿ ಸಿಮ್ ತಗೊಳ್ಳುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೆ. ಈಗ ನನ್ನ ಹೆಸರಲ್ಲಿ ಗೊತ್ತೇ ಇಲ್ಲದ ಇನ್ನೊಂದು ನಂಬರ್ ಇದೆ! ಇಲ್ಲಿಯ ಠಾಣೆಯವರು ಅಲ್ಲಿಗೆ ಹೋಗಿ ಅಂತಾರೆ, ಅಲ್ಲಿಯವರು ನೀವು ಕೇರಳದವರಲ್ವಾ ಅಂತಾರೆ. ರಾಜ್ಯವೇ ಬಿಗಿ ಕಾನೂನು ತರಬಾರದೇ?
– ಓದುಗರು, ಬದಿಯಡ್ಕ

ಉತ್ತರ: ಕಾನೂನಿನ ಮಾತು ಆಮೇಲೆ. ಮೊದಲು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ನಂಬರ್ ನನ್ನದಲ್ಲ ಅಂತ ಒತ್ತಿಬಿಡಿ. ಇನ್ನು ಠಾಣೆಯವರು ಹಾಗೆ ಸುಮ್ನೆ ಓಡಾಡಿಸುವಂತಿಲ್ಲ. 2024ರ ಜುಲೈಯಿಂದ ಹಳೆಯ ಸಿಆರ್‌ಪಿಸಿ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ತಗೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ದುಡ್ಡೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾನೂನು ಇಲ್ಲ ಅಂತಲ್ಲ. ಬೇರೆಯವರ ಪಾಸ್‌ವರ್ಡ್, ಗುರುತು ಕದ್ದು ಬಳಸಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆದರೆ ಜಾಮೀನು ಸಿಗುತ್ತದೆ! ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ದಂಡವೇ 50 ಲಕ್ಷದವರೆಗೆ ಇದೆ. ದೂರಸಂಪರ್ಕ ಅನ್ನುವುದು ಕೇಂದ್ರ ಸರ್ಕಾರದ ಕೈಯಲ್ಲಿರುವ ವಿಷಯ. ಆದರೆ ಕ್ರಿಮಿನಲ್ ಕಾನೂನನ್ನು ರಾಜ್ಯ ತಿದ್ದಬಹುದು, ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ನನ್ನ ಕೇಳಿದರೆ, ಶಿಕ್ಷೆ ಜಾಸ್ತಿ ಮಾಡುವುದಕ್ಕಿಂತ ತನಿಖೆ ಮಾಡುವವರನ್ನು ಜಾಸ್ತಿ ಮಾಡಲಿ: ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವ ಹಾಗಿಲ್ಲ, ಪೊಲೀಸ್ ಇಲಾಖೆಯಂತೂ ರಾಜ್ಯದ್ದೇ. ಅಂದಹಾಗೆ, ದೂರನ್ನು ಕನ್ನಡದಲ್ಲೇ ಬರೆಯಿರಿ, ಹಿಂಜರಿಯಬೇಡಿ.